ಝುಕಿನಿ ಇಲ್ರೀ ಅಕ್ಕಾರ

ಆ ಜಾಹೀರಾತು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಆರೂವರೆ. ಅಡಿಗೆಮನೆಯಲ್ಲಿ ಒಬ್ಬಳು ತಾಯಿ, ಬಿಳಿ ಅಂಗಿ, ಕೂದಲು ಒಂದೂ ಕದಲಿಲ್ಲ. ಕಟ್ಟೆಯ ಮೇಲೆ ಒಂದು ಸಾಸಿವೆ ಕಾಳೂ ಬಿದ್ದಿಲ್ಲ. ಮಗ ಯಾರೂ ಎಬ್ಬಿಸದೆ ತಾನೇ ಎದ್ದು ಬಂದು ಕ್ಯಾರೆಟ್ ತಿನ್ನುತ್ತಾನೆ. ಗಂಡ ನಗುತ್ತಾನೆ. ಯಾಕೆ ನಗುತ್ತಾನೆ ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ಮೃದುವಾದ ದನಿ: ಬಿಡುವಿಲ್ಲದ ಪಾಲಕರೇ, 'ಇವತ್ತು ಏನು ಅಡಿಗೆ' ಅನ್ನುವ ಚಿಂತೆ ಬಿಡಿ, ಇಡೀ ವಾರದ ಊಟ ನಮ್ಮ ಆಪ್ ಪ್ಲಾನ್ ಮಾಡಿಕೊಡುತ್ತದೆ.

ವಿಜಯಪುರದಲ್ಲಿ ಈ ಚಿಂತೆ ಇದೆ ಅಂತ ಇವರಿಗೆ ಯಾರು ಹೇಳಿದರೋ! ಮಧ್ಯಾಹ್ನ ರೊಟ್ಟಿ, ಒಂದು ಕಾಳಿನ ಪಲ್ಲೆ, ಒಂದು ತಪ್ಪಲ ಪಲ್ಲೆ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಉಳ್ಳಾಗಡ್ಡಿ. ರಾತ್ರಿ ಅದರಲ್ಲೇ ಉಳಿದದ್ದು, ಮೇಲೆ ಅನ್ನ-ಸಾರು. ನಾಷ್ಟಾಕ್ಕೆ ಚುರುಮುರಿಯ ಸುಸಲಾ, ಅವಲಕ್ಕಿ, ಉಪ್ಪಿಟ್ಟು. ಮೂರೂ ಮುಗಿದ ಮೇಲೆ ಮತ್ತೆ ಸುಸಲಾ. ಈ ಪಟ್ಟಿ ಬದಲಾಗಬೇಕಾದರೆ ಮನೆಯಲ್ಲಿ ಮದುವೆಯಾಗಬೇಕು, ಇಲ್ಲವೇ ಯಾರಿಗಾದರೂ ಜ್ವರ ಬರಬೇಕು.

ಆದರೂ ಆಪ್ ಹಾಕಿಕೊಂಡೆ. ಹಾಕಿಕೊಂಡ ಕೂಡಲೇ ಅದು ಸಂದರ್ಶನ ಶುರು ಮಾಡಿತು. ಮನೆಯಲ್ಲಿ ಎಷ್ಟು ಜನ? ಯಾರಿಗೆ ಏನು ಆಗಿಬರುವುದಿಲ್ಲ? ಅಡಿಗೆಯಲ್ಲಿ ನಿಮ್ಮ ಮಟ್ಟ ಯಾವುದು: ಆರಂಭಿಕ, ಸಾಧಾರಣ, ಪರಿಣತ? ಈ ಪ್ರಶ್ನೆ ತೆರೆದುಕೊಂಡಾಗ ಅತ್ತೆಯವರು ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಓದಿ ಹೇಳು ಅಂದರು, ಹೇಳಿದೆ. "ಮೊದಲನೇದ್ದ ಒತ್ತವಾ" ಅಂದರು.

ವಾರದ ಮೆನು ಬಂತು. ಸೋಮವಾರ ಕಿನ್ವಾ ಬೌಲ್. ಮಂಗಳವಾರ ಝುಕಿನಿ ನೂಡಲ್ಸ್. ಬುಧವಾರ ರಾತ್ರಿಯೆಲ್ಲ ನೆನೆಸಿದ ಓಟ್ಸ್, ಮೇಲೆ ಬ್ಲೂಬೆರಿ. ಎಲ್ಲದಕ್ಕೂ ಸಂತೆ ಚೀಟಿ ತಾನೇ ಮಾಡಿಕೊಡುತ್ತದೆ, ಅದನ್ನು ಮಾತ್ರ ಮೆಚ್ಚಲೇಬೇಕು. ಚೀಟಿ ಹಿಡಿದು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿಗೆ ಹೋದೆ. ಕಾಯಿಪಲ್ಲೆಯವನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ. "ಝುಕಿನಿ ಇಲ್ರೀ ಅಕ್ಕಾರ. ಸವತಿಕಾಯಿ ಅದಾವ. ಹಸರು ಅದಾವ, ಉದ್ದ ಅದಾವ, ಇನ್ನೇನ್ ಬೇಕ್ರೀ?" ತಪ್ಪೇನಿಲ್ಲ. ಎರಡೂ ಒಂದೇ ಕುಟುಂಬದ ಬಳ್ಳಿ. ಆಪ್‌ಗಿಂತ ಅವನಿಗೇ ಸಸ್ಯಶಾಸ್ತ್ರ ಜಾಸ್ತಿ ಗೊತ್ತಿತ್ತು ಅನ್ನಿ.

ಗುರುವಾರದ್ದನ್ನು ಮಾತ್ರ ಮರೆಯುವ ಹಾಗಿಲ್ಲ. 'ಸೋರ್ಘಮ್ ಸಲಾಡ್, ಪ್ರೀಮಿಯಂ ಸದಸ್ಯರಿಗೆ ಮಾತ್ರ'. ಬೀಗದ ಚಿತ್ರ ಬೇರೆ. ಹಿಂದಿನಿಂದ ಇಣುಕುವ ಫೋಟೋದಲ್ಲಿ ನೋಡಿದರೆ ನಮ್ಮ ಬಿಳಿಜೋಳ! ನಮ್ಮ ಡೋಣಿ ಹೊಳೆಯ ಮೇಲೆ 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅಂತ ಗಾದೆ ಇರುವ ಜಿಲ್ಲೆಯಲ್ಲಿ ಜೋಳ ನೋಡಲು ಹಣ ಕಟ್ಟಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತಲ್ಲ, ಕೇಳಿಕೊಂಡವರೂ ನಾವೇ, ಭಾರತವೇ. ಅವತ್ತಿನಿಂದ ಜೋಳ, ಸಜ್ಜೆಗಳಿಗೆ ಗ್ರಹಚಾರ ಹಿಡಿಯಿತು. ಮೊದಲು ಬಡವರ ಊಟ ಅಂತ ಮೂಗು ಮುರಿಯುತ್ತಿದ್ದವರೇ ಈಗ ಗಾಜಿನ ಬಟ್ಟಲಲ್ಲಿ ಹಾಕಿ ಫೋಟೋ ತೆಗೆಯುತ್ತಾರೆ. ಆ ಸಲಾಡಿಗೆ ಬೇಕಾದ ಸಮಯ 35 ನಿಮಿಷ ಎಂದು ಬರೆದಿತ್ತು. ಇಡೀ ಜೋಳದ ಕಾಳು ಮೊದಲೇ ರಾತ್ರಿಯೆಲ್ಲ ನೆನೆಸಿಟ್ಟಿರಬೇಕು ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ. ನೆನೆಯುವುದು ಕಾಳು ತಾನೇ, ನಮ್ಮದೇನು ಹೋಗುತ್ತದೆ?

ರೊಟ್ಟಿಯ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಗೋಧಿಹಿಟ್ಟಿನಲ್ಲಿರುವ ಜಿಗಿ ಜೋಳದ ಹಿಟ್ಟಿನಲ್ಲಿ ಇಲ್ಲ. ಅದಕ್ಕೇ ಎಸರು ಕುದಿಸಿ ಹಾಕಬೇಕು, ಬಿಸಿ ಇರುವಾಗಲೇ ನಾದಬೇಕು, ಅಂಗೈಯಲ್ಲಿ ಬಡಿಯಬೇಕು, ಹಂಚಿನ ಮೇಲೆ ಹಾಕಿ ನೀರು ಸವರಬೇಕು. ಅಂಚು ಒಡೆದರೆ ಅತ್ತೆ ನೋಡುತ್ತಾರೆ. ಇದನ್ನೇ ತೆಳ್ಳಗೆ ಬಡಿದು, ಒಣಗಿಸಿ, ಖಡಕ್ ಮಾಡಿ ಒಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪಕ್ಕದಲ್ಲಿ ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಡಬ್ಬಿ ತುಂಬಿದ್ದರೆ ಮುಗಿಯಿತು, ಊರಿಗೆ ಊರೇ ಬಂದರೂ ಊಟ ಇದೆ. ಈಗ ಆಪ್‌ನಲ್ಲಿ ಒಬ್ಬರು ತಜ್ಞೆ 'ಮೀಲ್ ಪ್ರೆಪ್' ಅಂತ ಪಾಠ ಮಾಡುತ್ತಾರೆ. ರವಿವಾರ ಕೂತು ಮಾಡಿಟ್ಟುಕೊಳ್ಳಿ, ಬುಧವಾರದವರೆಗೆ ಬರುತ್ತದೆ, ಎಂಥ ಅದ್ಭುತ ಅಲ್ವಾ ಅನ್ನುತ್ತಾರೆ. ಬುಧವಾರ! ನಮ್ಮ ಅಜ್ಜಿಯಂದಿರು ಕೇಳಿದ್ದರೆ 'ಪಾಪ, ಹುಡುಗಿಗೆ ರೊಟ್ಟಿ ಬರಾಂಗಿಲ್ಲ' ಅಂದು ನಾಲ್ಕು ಕಟ್ಟಿ ಕೊಡುತ್ತಿದ್ದರು.

ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಆಗಿ, ಜೋಳದ ಸಾಲಿನ ನಡುವೆ ಏಳಲಾಗದೆ ಕೂತಿದ್ದೆವು. ಫೋನ್ ಟಿಂಗ್ ಅಂತು. 'ನೀವು ಇವತ್ತು ಮಧ್ಯಾಹ್ನದ ಊಟ ಬಿಟ್ಟಿರುವಂತಿದೆ. ಒಂದು ಹಿಡಿ ಬಾದಾಮಿ ತಿನ್ನಿ.'

ಇಷ್ಟಾದರೂ ನನ್ನ ಪಾಲಿನ ನಿಜವಾದ ಮೆನು ಬರುವುದು ಮಗಳ ಶಾಲೆಯಿಂದ, ವಾಟ್ಸಾಪ್‌ನಲ್ಲಿ. ಡಬ್ಬಿಯಲ್ಲಿ ಏನಿರಬೇಕು ಅಂತ ಅವರೇ ಹೇಳುತ್ತಾರೆ. ಬುಧವಾರ ಹಸಿರು ದಿನ. ಶುಕ್ರವಾರ ಕೇಸರಿ ದಿನ. ಒಮ್ಮೆ ನೇರಳೆ ದಿನ ಅಂತ ಬಂತು. ನೇರಳೆ ಬಣ್ಣದ್ದು ಮನೆಯಲ್ಲಿ ಇದ್ದದ್ದು ಬದನೆಕಾಯಿ ಒಂದೇ. ಎಣ್ಣೆಗಾಯಿ ಮಾಡಿ ಕಳಿಸಿದೆ. ಡಬ್ಬಿ ಖಾಲಿಯಾಗಿ ಬಂತು, ಜೊತೆಗೆ ಚೀಟಿ: ಎಣ್ಣೆ ಪದಾರ್ಥ ಕಳಿಸಬೇಡಿ. ಖಾಲಿ ಮಾಡಿದವರು ಯಾರು ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಈ ಬಣ್ಣದಾಟ ಇಲ್ಲ. ಅಲ್ಲಿ ಮೆನು ಗೋಡೆ ಮೇಲೆ ಬರೆದಿರುತ್ತದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು, ಪಕ್ಕದ ಬಾಗಲಕೋಟೆಯೂ ಒಂದು. ಹೊತ್ತು ಹುಟ್ಟುವ ಮೊದಲೇ ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಆ ಊಟ ನಂಬಿ ಶಾಲೆಗೆ ಬರುತ್ತಾರೆ. ಬಿಡುವಿಲ್ಲದ ಪಾಲಕರು ಅಂದರೆ ಅವರು. ಅವರಿಗೆ ಯಾವ ಆಪ್ ಕಂಪನಿಯೂ ಜಾಹೀರಾತು ತೋರಿಸುವುದಿಲ್ಲ.

ಆ ಅಡಿಗೆ ಮಾಡುವ ಹೆಂಗಸರ ವಿಷಯ ಬಂದರೆ ನನಗೆ ನಗು ಬರುವುದಿಲ್ಲ. ನೂರಾರು ಮಕ್ಕಳಿಗೆ ಅನ್ನ, ಸಾರು ಬೇಯಿಸಿ, ಬಡಿಸಿ, ಪಾತ್ರೆ ತಿಕ್ಕಿ ಹೋಗುವವರಿಗೆ ಕೇಂದ್ರದ ಲೆಕ್ಕದಲ್ಲಿ 2009ರಿಂದ ತಿಂಗಳಿಗೆ 1,000 ರೂಪಾಯಿ. ಅದೂ ವರ್ಷಕ್ಕೆ ಹತ್ತು ತಿಂಗಳು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸಿದರೂ ಒಟ್ಟು ಐದು ಸಾವಿರ ದಾಟಿಸಲು ಅವರು ಬೆಂಗಳೂರಿಗೆ ಹೋಗಿ ಫ್ರೀಡಂ ಪಾರ್ಕಿನಲ್ಲಿ ಕೂರಬೇಕು. 2021ರಲ್ಲಿ ಮಕ್ಕಳಿಗೆ ಮೊಟ್ಟೆ ಕೊಟ್ಟಾಗ ಎದ್ದ ಗದ್ದಲ ನೆನಪಿದೆಯಲ್ಲ? ಮೊಟ್ಟೆ ಬೇಡ ಅಂತ ಎಷ್ಟು ಜನ ಬೀದಿಗೆ ಬಂದರು. ಮೊಟ್ಟೆ ಬೇಯಿಸುವವಳ ಕೂಲಿಗೆ ಅವರಲ್ಲಿ ಒಬ್ಬರೂ ಬರಲಿಲ್ಲ. ಸಾಕಾಗಿದೆ ನನಗೆ ಇದನ್ನು ಹೇಳಿ ಹೇಳಿ.

ಮನೆಯೊಳಗಿನ ಲೆಕ್ಕವೂ ಸರ್ಕಾರದ ಹತ್ತಿರ ಇದೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಗಂಡಸರದು ಅಂದರೆ ಎಲ್ಲ ಗಂಡಸರದಲ್ಲ, ಮಾಡುವವರದು. ಮಾಡುವವರೇ ನೂರಕ್ಕೆ 26 ಜನ. ನಮ್ಮ ಆಪ್ ಇದನ್ನು ಸರಿ ಮಾಡಲು 'ಫ್ಯಾಮಿಲಿ ಮೋಡ್' ತಂದಿದೆ. ಯಜಮಾನರನ್ನು ಸೇರಿಸಿದೆ. ಈಗ ಅವರು ಆಫೀಸಿನಲ್ಲಿ ಕೂತು ಮೆನು ನೋಡುತ್ತಾರೆ, ಹೆಬ್ಬೆರಳು ಎತ್ತಿದ ಚಿತ್ರ ಒತ್ತುತ್ತಾರೆ. ಒಮ್ಮೆ ಐದು ಸ್ಟಾರ್ ಕೊಟ್ಟರು. ಅಡಿಗೆಗಲ್ಲ, ಮೆನುವಿಗೆ. ಅಡಿಗೆ ಇನ್ನೂ ಆಗಿರಲಿಲ್ಲ. ಕುಕ್ಕರ್ ಇಡಲು ನೆನಪಿಸುವ ಟಿಂಗ್ ಮಾತ್ರ ಇವತ್ತಿಗೂ ನನ್ನ ಫೋನಿಗೇ.

ಬಿಡೋಣ ಅಂತ ಹೊರಟರೆ ಬಿಡುವುದು ಸುಲಭವಲ್ಲ. ಸೇರಲು ಒಂದು ಬಟನ್, ಹೊರಬರಲು ಪುಟದ ಮೇಲೆ ಪುಟ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಹೊರಹೋಗುವ ದಾರಿ ಬಚ್ಚಿಡುವುದು ಒಂದು, ಬೇಡ ಅಂದವರಿಗೆ ನಾಚಿಕೆ ಹುಟ್ಟಿಸುವುದು ಇನ್ನೊಂದು. ಇವರು ಆ ಪಟ್ಟಿಯನ್ನು ಓದಿದ್ದಾರೆ ಅಂತ ಕಾಣುತ್ತದೆ, ಬಹುಶಃ ಪಠ್ಯಪುಸ್ತಕ ಅಂದುಕೊಂಡು. ನನಗೆ ಬಂದ ಬಟನ್ ಹೀಗಿತ್ತು: 'ಹೌದು, ನನ್ನ ಮಗುವಿನ ಆರೋಗ್ಯದ ಯೋಜನೆ ಕೈಬಿಡುತ್ತೇನೆ'. ಒತ್ತಿದೆ.

ಕಾರಣ ಕೇಳಿತು. ದುಬಾರಿಯೇ? ತೂಕ ಇಳಿಯಲಿಲ್ಲವೇ? ಬೇರೆ ಸೇವೆ ಸಿಕ್ಕಿತೇ? ಝುಕಿನಿ ಸಿಗಲಿಲ್ಲ ಅನ್ನುವ ಆಯ್ಕೆ ಇರಲಿಲ್ಲ. ಬೇರೆ ಸೇವೆ ಅಂತ ಒತ್ತಿದೆ. ಹೆಸರು ಬರೆಯಿರಿ ಅಂತು. ಓಣಿಯ ಖಾನಾವಳಿ ಅಂತ ಬರೆದೆ. ಕೂಡಲೇ ಅವರಿಗಿಂತ ಅರ್ಧ ಬೆಲೆಗೆ ಕೊಡುತ್ತೇವೆ ಅಂತು. ಖಾನಾವಳಿಯ ಅಕ್ಕ ಮೊನ್ನೆಯಷ್ಟೇ ರೊಟ್ಟಿಗೆ ರೇಟು ಏರಿಸಿದ್ದಾಳೆ. ಹಿಟ್ಟು ತುಟ್ಟಿ, ಗ್ಯಾಸ್ ತುಟ್ಟಿ, ಬಡಿಯುವವರು ಸಿಗುವುದಿಲ್ಲ ಅಂದಳು. ಕೊಟ್ಟು ತಂದೆ.