ಕಳ್ಳ ಸಿಗದಿದ್ದರೆ ಗಸ್ತಿನವರು ಏನು ಮಾಡಬೇಕು ಸ್ವಾಮಿ?

ಸ್ವಯಂಸೇವಕರಾಗಿ ಬೀದಿ ಕಾಯುವವರಿಗೆ ಕಳ್ಳರ ಕಾಟ ಅಷ್ಟೇನೂ ಇಲ್ಲ. ಕಳ್ಳರು ಬಾರದ ರಾತ್ರಿಗಳದ್ದೇ ಕಾಟ. ಪೊಲೀಸರಿಗಾದರೆ ಕಳ್ಳ ಬಂದರೂ ಬಾರದಿದ್ದರೂ ಸಂಬಳ ಬರುತ್ತದೆ. ಬಿಟ್ಟಿ ಗಸ್ತಿನವನಿಗೆ ಸಿಗುವುದು ಹೆಸರೊಂದೇ, ಅದೂ ಯಾರಾದರೂ ಕೈಗೆ ಸಿಕ್ಕರೆ ಮಾತ್ರ.

ಇದಕ್ಕೆ ಒಳ್ಳೆ ಪರಿಹಾರ ಕಂಡುಕೊಂಡವರು ನ್ಯೂಯಾರ್ಕಿನ ಕರ್ಟಿಸ್ ಸ್ಲಿವಾ. ಅದೇ ಊರಿನ ಬ್ರಾಂಕ್ಸ್ ಭಾಗದಲ್ಲಿ ಮೆಕ್‌ಡೊನಾಲ್ಡ್ಸ್‌ನ ರಾತ್ರಿ ಪಾಳಿ ಮ್ಯಾನೇಜರ್ ಆಗಿದ್ದ ಇವರು 1979ರಲ್ಲಿ 13 ಜನರ 'ಗಾರ್ಡಿಯನ್ ಏಂಜಲ್ಸ್' ಪಡೆ ಕಟ್ಟಿದರು. ತಲೆಗೆ ಕೆಂಪು ಟೋಪಿ, ಕೈಯಲ್ಲಿ ಆಯುಧ ಇಲ್ಲ. ರಾತ್ರಿ ಸಬ್‌ವೇ ರೈಲು ಹತ್ತಲು ಜನ ನಿಜಕ್ಕೂ ಹೆದರುತ್ತಿದ್ದ ಕಾಲ ಅದು, ಹಾಗಾಗಿ ಪಡೆಗೆ ಬಹಳ ಬೇಗ ಹೆಸರು ಬಂತು. ಸಾಹಸದ ಸುದ್ದಿಗಳು ಒಂದರ ಹಿಂದೆ ಒಂದು. ಪೊಲೀಸರೇ ತಮ್ಮನ್ನು ಎತ್ತಿಹಾಕಿಕೊಂಡು ಹೋದರು ಅಂತಲೂ ಸ್ಲಿವಾ ಹೇಳಿದ್ದರು. 1992ರಲ್ಲಿ ಅವರೇ ಬಾಯಿಬಿಟ್ಟರು: ಆ ಅಪಹರಣವೂ ಸೇರಿದಂತೆ ಶುರುವಿನ ಕೆಲವು ಸಾಹಸಗಳು ಪ್ರಚಾರಕ್ಕೆ ಕಟ್ಟಿದ ಕಥೆಗಳಂತೆ. ತಪ್ಪೇನಿದೆ ಹೇಳಿ? ಕಾಯುವವನು ಸ್ವಯಂಸೇವಕ ಆಗಬಹುದಾದರೆ ಕಳ್ಳನೂ ಸ್ವಯಂಸೇವಕ ಆಗಬಹುದು, ಖರ್ಚು ಎಷ್ಟು ಕಮ್ಮಿ! (ಆ ಪಡೆಯ ಕೆಲವು ಹುಡುಗರು ನಿಜವಾಗಿ ಪೆಟ್ಟು ತಿಂದರು, ಅವರನ್ನು ನೋಡಿ ನಗುವಂತಿಲ್ಲ.)

ಕಥೆ ಕಟ್ಟಲು ಬಾರದವರಿಗೆ ಇಂಗ್ಲೆಂಡಿನವರು 1285ರಲ್ಲೇ ಬೇರೆ ದಾರಿ ಮಾಡಿಕೊಟ್ಟಿದ್ದರು. ವಿಂಚೆಸ್ಟರ್ ಕಾಯ್ದೆಯ ಪ್ರಕಾರ ಊರವರೇ ರಾತ್ರಿ ಕಾವಲು ನಿಲ್ಲಬೇಕು, ಅಪರಿಚಿತ ಕಂಡರೆ ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳಬೇಕು. ಅವನು ಏನೂ ಕದ್ದಿರಬೇಕಿಲ್ಲ, ಗುರುತಿಲ್ಲದ ಮುಖ ಇದ್ದರೆ ಸಾಕು. ಲಂಡನ್ನಿನಲ್ಲಿ ಕಾಸಿದ್ದವರು ತಮ್ಮ ಸರದಿಗೆ ಕಡಿಮೆ ಕೂಲಿಯ ಮುದುಕರನ್ನು ಕಳಿಸತೊಡಗಿದರು. ಲಾಟೀನು ಹಿಡಿದು ಗಂಟೆ ಎಷ್ಟಾಯಿತು ಅಂತ ಕೂಗುತ್ತ ಹೋಗುವುದು ಇವರ ಕೆಲಸ, ಅಂದರೆ ಕಾವಲುಗಾರ ಈಗ ಯಾವ ಬೀದಿಯಲ್ಲಿದ್ದಾನೆ ಅಂತ ಕಳ್ಳನಿಗೆ ಪುಕ್ಕಟೆ ಮಾಹಿತಿ. ಕುಡಿದ ಶ್ರೀಮಂತ ಹುಡುಗರಿಗೆ ಕಾವಲು ಗೂಡನ್ನು ಒಳಗಿರುವ ಮುದುಕನ ಸಮೇತ ಮಗುಚಿ ಹಾಕುವುದೇ ಮೋಜು. 1829ರಲ್ಲಿ ಸಂಬಳದ ಪೊಲೀಸರು ಬಂದರು.

ಅಪರಿಚಿತನನ್ನು ಹಿಡಿಯುವ ಚಟ ಮಾತ್ರ ಹೋಗಲಿಲ್ಲ. 2024ರ ಫೆಬ್ರವರಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್. ಸ್ಲಿವಾ ಟಿವಿ ನೇರಪ್ರಸಾರದಲ್ಲಿ ಮಾತಾಡುತ್ತಿದ್ದಾರೆ, ಹಿಂದೆ ಕೆಂಪು ಟೋಪಿಯವರ ಸಾಲು. ಇದ್ದಕ್ಕಿದ್ದಂತೆ ಸಾಲು ಚದುರಿತು, ಕ್ಯಾಮೆರಾ ಅತ್ತ ತಿರುಗಿತು, ಒಬ್ಬನನ್ನು ಹಿಡಿದು ನೆಲಕ್ಕೆ ಕೆಡವಿದ್ದರು. ಇವನೊಬ್ಬ ವಲಸಿಗ, ಅಂಗಡಿಯಲ್ಲಿ ಕದಿಯುತ್ತಿದ್ದ ಅಂತ ಸ್ಲಿವಾ ಅಲ್ಲೇ ತೀರ್ಪು ಕೊಟ್ಟರು. ವಲಸಿಗ ಅಂತ ಹೇಗೆ ಗೊತ್ತಾಯಿತು ಅಂದರೆ, ಸ್ಪ್ಯಾನಿಷ್ ಮಾತಾಡುತ್ತಿದ್ದನಲ್ಲ! ಪೊಲೀಸರು ನೋಡಿದರೆ ಆತ ಬ್ರಾಂಕ್ಸ್‌ನವನೇ. ಅವನ ಕೈಗೆ ಕೊಟ್ಟ ನೋಟಿಸಿನಲ್ಲಿ ಕಳ್ಳತನದ ಸೊಲ್ಲಿಲ್ಲ, ಸಾರ್ವಜನಿಕ ಜಾಗದಲ್ಲಿ ಅಶಿಸ್ತಿನ ವರ್ತನೆ ಅಂತ ಇತ್ತು. ಅವನನ್ನು ಕೆಡವಿ ಮೇಲೆ ಬಿದ್ದವರದ್ದು ಬಹುಶಃ ಶಿಸ್ತಿನ ವರ್ತನೆ.