ರಿವರ್ಸ್ ಗೇರಲ್ಲಿ ಜೆಥ್ರೋ ಟಲ್

ಇವತ್ತೂ ಮುಗೀಲಿಲ್ಲ ಕಣ್ರೀ ಆ ಹಾಡು. ಬೆಳಿಗ್ಗೆ ಮೀಟಿಂಗಿಗೆ ಯಾಕೆ ಲೇಟು ಅಂತ ಮ್ಯಾನೇಜರ್ ಕೇಳಿದ್ದಕ್ಕೆ "ಟ್ರಾಫಿಕ್ಕು" ಅಂತ ಸುಳ್ಳು ಹೇಳಿ, ಕಾಫಿ ತಂದಿಟ್ಕೊಂಡು, ಕೆಲಸ ಮಾಡೋ ಥರ ಮುಖ ಮಾಡ್ಕೊಂಡು ಇದನ್ನ ಟೈಪ್ ಮಾಡ್ತಿದೀನಿ. ಟ್ರಾಫಿಕ್ ಇರ್ಲೇ ಇಲ್ಲ. ಬೆಂಗಳೂರಲ್ಲಿ ಟ್ರಾಫಿಕ್ ಇರ್ಲಿಲ್ಲ ಅಂದ್ರೆ ಯಾರೂ ನಂಬಲ್ಲ, ಆದ್ರೆ ನಿಜವಾದ ಕಾರಣ ಹೇಳಿದ್ರೆ ಅದನ್ನ ಇನ್ನೂ ನಂಬಲ್ಲ. 1972ರಲ್ಲಿ ಇಂಗ್ಲೆಂಡಲ್ಲಿ ಬಂದ ಒಂದು ಹಾಡು ಮುಗಿಯೋವರೆಗೂ ಯಾರೂ ಕಾರಿಂದ ಇಳಿಯೋ ಹಾಗಿಲ್ಲ ಅಂತ ನಮ್ಮನ್ನ ಕೂರಿಸ್ಕೊಂಡಿದ್ರು ಅಂತ ಹೇಳೋಕಾಗುತ್ತಾ?

ನಾವು ನಾಕು ಜನ ಕಾರ್‌ಪೂಲು. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿ. ಮೆಟ್ರೋ ಬಂತಲ್ಲ, ಹಳದಿ ಲೈನು, ಅದ್ರಲ್ಲಿ ಹೋಗ್ರೀ ಅಂತೀರಿ, ಗೊತ್ತು. ಸ್ಟೇಷನ್ನಿಂದ ಆಫೀಸಿಗೆ ಆಟೋದವ್ರು ಕೇಳೋ ರೇಟಿಗೆ ಇನ್ನೊಂದು ಸಲ ಮನೆಗೆ ಹೋಗಿ ಬರಬಹುದು, ಅದಕ್ಕೆ ಈ ಕಾರು. ಕಾರು ಯಾರದ್ದೋ ಹಾಡು ಅವರದ್ದು, ಅದು ಕಾರ್‌ಪೂಲಿನ ಸಂವಿಧಾನ. ಓಡಿಸೋರನ್ನ ನಾವು ಸಾರಥಿ ಅಂತೀವಿ. ಪಕ್ಕದಲ್ಲಿ ಕೂರೋರು ಅವರದ್ದೇ ವಯಸ್ಸಿನ ಇನ್ನೊಬ್ರು, ಹೆಸರು ಬೇಡ, ಮುಂದಿನ ಸೀಟು ಅಂತಿಟ್ಕೊಳ್ಳಿ. ಹಿಂದೆ ನಾನು, ಜೊತೆಗೆ ಹೋದ ವರ್ಷ ಸೇರಿದ ಒಬ್ಬ ಹುಡುಗಿ. ಅವಳು ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸ್ಕೊಂಡು ಕಣ್ಣು ಮುಚ್ಚಿದ್ರೆ ಆಫೀಸ್ ಗೇಟಲ್ಲೇ ಏಳೋದು. ಬುದ್ಧಿವಂತೆ.

ಸಾರಥಿಗಳಿಗೆ ಜೆಥ್ರೋ ಟಲ್ ಅಂದ್ರೆ ಪ್ರಾಣ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಇದು ಇಂಗ್ಲೆಂಡಿನ ಲೂಟನ್ ಕಡೆ 1967ರ ಕೊನೆಯಲ್ಲಿ ಹುಟ್ಟಿದ ಬ್ಯಾಂಡು, ಪ್ರೋಗ್ ರಾಕ್ ಅಂತಾರೆ. ಪ್ರೋಗ್ ಅಂದ್ರೆ ಏನು ಅಂತ ನಾನು ಕೇಳಿದ್ದಕ್ಕೆ ನೈಸ್ ರೋಡಿನಷ್ಟು ಉದ್ದದ ಉತ್ತರ ಬಂತು, ನನಗೆ ಅರ್ಥ ಆಗಿದ್ದು ಇಷ್ಟು: ಹಾಡು ಬೇಗ ಮುಗೀಬಾರದು. ಇಯಾನ್ ಆಂಡರ್ಸನ್ ಅನ್ನೋ ಆಸಾಮಿ ಹಾಡ್ತಾನೆ, ಬರೀತಾನೆ, ಕೊಳಲು ಊದ್ತಾನೆ, ಅದೂ ಒಂಟಿಕಾಲಲ್ಲಿ ನಿಂತ್ಕೊಂಡು. ಮೊದಲು ಗಿಟಾರ್ ನುಡಿಸ್ತಿದ್ನಂತೆ, ಎರಿಕ್ ಕ್ಲಾಪ್ಟನ್ ಅನ್ನೋ ದೊಡ್ಡ ಗಿಟಾರ್ ವಾದಕನ ಥರ ನುಡಿಸೋಕೆ ಈ ಜನ್ಮದಲ್ಲಿ ಆಗಲ್ಲ ಅನ್ಸಿ ಗಿಟಾರ್ ಕೊಟ್ಟು ಕೊಳಲು ತಗೊಂಡ, ಯಾರ ಹತ್ರಾನೂ ಕಲೀಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಮಗಳು ಸ್ಕೂಲಲ್ಲಿ ಕೊಳಲು ಕಲಿಯೋಕೆ ಶುರು ಮಾಡಿದಾಗಲೇ ಗೊತ್ತಾಗಿದ್ದು, ಅಪ್ಪ ಇಷ್ಟು ದಿನ ಬೆರಳು ಇಡ್ತಿದ್ದಿದ್ದೇ ತಪ್ಪು ಅಂತ. ಇದು ನನಗೆ ಬಹಳ ಇಷ್ಟವಾದ ಕಥೆ. ನಮ್ಮಲ್ಲಾಗಿದ್ರೆ ಅರಂಗೇಟ್ರಂ ದಿನಾನೇ ಮುಂದಿನ ಸಾಲಿನ ಮಾಮಿ ಹೇಳಿಬಿಟ್ಟಿರೋರು.

ಈಗ ತೊಂದರೆಗೆ ಬರ್ತೀನಿ. ತೊಂದರೆ ಹೆಸರು ಥಿಕ್ ಆ್ಯಸ್ ಎ ಬ್ರಿಕ್. ಆಲ್ಬಮ್ಮಿನ ಹೆಸರೂ ಅದೇ, ಹಾಡಿನ ಹೆಸರೂ ಅದೇ, ಯಾಕಂದ್ರೆ ಆಲ್ಬಮ್ಮಲ್ಲಿ ಇರೋದೇ ಒಂದು ಹಾಡು. 43 ನಿಮಿಷ ಚಿಲ್ಲರೆ. ನಮ್ಮ ಪ್ರಯಾಣ ಗಂಟೆ ಮೇಲಾಗುತ್ತೆ, ಲೆಕ್ಕಕ್ಕೆ ಹಾಡು ಮುಗಿದು ಮೇಲೆ ಒಂದು ವಾರ್ತೆ ಕೇಳೋಷ್ಟು ಟೈಮ್ ಮಿಗಬೇಕು. ಮಿಗಲ್ಲ. ಯಾಕಂದ್ರೆ ಸಾರಥಿಗಳದ್ದು ಒಂದು ನಿಯಮ ಇದೆ: ಹಾಡು ಮಧ್ಯದಲ್ಲಿ ಎಲ್ಲಾದ್ರೂ ನಿಂತ್ರೆ ಮತ್ತೆ ಮೊದಲಿಂದ. "ಸುಂದರಕಾಂಡ ಪಾರಾಯಣಕ್ಕೆ ಕೂತು ಮಧ್ಯದಲ್ಲಿ ಎದ್ದು ಹೋಗಿ ಬಂದು ಎಲ್ಲಿಂದಲೋ ಶುರು ಮಾಡ್ತೀರೇನ್ರೀ?" ಅಂತ ಕೇಳ್ತಾರೆ. ಸುಂದರಕಾಂಡನೂ ದಿನಕ್ಕಿಷ್ಟು ಅಂತ ಓದೋರು ಬೇಕಾದಷ್ಟು ಜನ ಇದಾರೆ ಸಾರ್ ಅಂದೆ. ಮಿರರಲ್ಲಿ ನನ್ನ ಮುಖ ನೋಡಿದ್ರು ಅಷ್ಟೇ.

ಈ ಕಾಲದ ಕಾರಲ್ಲಿ ಒಂದು ಹಾಡು ತಡೆ ಇಲ್ದೆ ಓಡೋದು ಸಾಧ್ಯನಾ ಹೇಳಿ. ಮ್ಯಾಪಿನ ಹೆಂಗಸು ಬಾಯಿ ಹಾಕ್ತಾಳೆ, "ಎಡಕ್ಕೆ ತಿರುಗಿ" ಅಂತ, ಹಾಡು ಸಣ್ಣಗಾಗುತ್ತೆ, ಮೊದಲಿಂದ. ಸಾರಥಿಗಳ ಮನೆಯವ್ರು ಫೋನ್ ಮಾಡ್ತಾರೆ, ಬ್ಲೂಟೂತಲ್ಲಿ ಇಡೀ ಕಾರಿಗೆ ಕೇಳೋ ಹಾಗೆ "ರೀ, ಗೀಸರ್ ಆಫ್ ಮಾಡಿದ್ರಾ" ಅಂತಾರೆ, ಮಾಡಿರಲ್ಲ, ಅದರ ಬಗ್ಗೆ ಚರ್ಚೆ, ಮೊದಲಿಂದ. ಟೋಲಲ್ಲಿ ಫಾಸ್ಟ್ಯಾಗ್ ಓದಲ್ಲ, ಗ್ಲಾಸ್ ಇಳಿಸಿ ಮಾತಾಡ್ಬೇಕು, ಮೊದಲಿಂದ. ಸಿಲ್ಕ್ ಬೋರ್ಡ್ ಹತ್ರ ಒಂದು ಬೈಕು ಕನ್ನಡಿ ಸವರಿಕೊಂಡು ಹೋಯ್ತು, ಬೈಯೋಕೆ ಅಂತ ಹಾಡಿನ ಪಾಜ್ ಬಟನ್ ಒತ್ತಿದ್ರು, ಬೈದ್ರು, ಮೊದಲಿಂದ. ಎಲ್ಲಕ್ಕಿಂತ ದೊಡ್ಡ ಶತ್ರು ರಿವರ್ಸ್ ಗೇರು. ಆ ಕಾರಲ್ಲಿ ರಿವರ್ಸ್ ಹಾಕಿದ ತಕ್ಷಣ ಹಾಡು ಮ್ಯೂಟಾಗಿ ಟೀಂ ಟೀಂ ಅಂತ ಸೆನ್ಸರ್ ಶುರುವಾಗುತ್ತೆ. ಅದಕ್ಕೇ ಸಾರಥಿಗಳು ರಿವರ್ಸ್ ತಗೊಳೋದನ್ನೇ ಬಿಟ್ಟಿದಾರೆ, ತಪ್ಪು ರಸ್ತೆಗೆ ಹೋದ್ರೆ ಬೊಮ್ಮನಹಳ್ಳಿ ಪೂರ್ತಿ ಸುತ್ತಿಸ್ತಾರೆ ಹೊರತು ಹಿಂದೆ ಬರಲ್ಲ.

ಇದರ ಪರಿಣಾಮ ಏನಪ್ಪಾ ಅಂದ್ರೆ ಹಾಡಿನ ಶುರುವಿನ ಗಿಟಾರು ನನಗೆ ನಿದ್ದೇಲೂ ಬರುತ್ತೆ, ಮೊನ್ನೆ ಪಾತ್ರೆ ತೊಳೀತಾ ಗುನುಗ್ತಿದ್ದೆ, ಛೀ. ಕೊನೆ ಹೇಗಿದೆ ಅಂತ ಮಾತ್ರ ಗೊತ್ತಿಲ್ಲ.

ಮುಂದಿನ ಸೀಟಿನೋರು ಪಿಂಕ್ ಫ್ಲಾಯ್ಡ್ ಅನ್ನೋ ಇನ್ನೊಂದು ಇಂಗ್ಲಿಷ್ ಬ್ಯಾಂಡಿನ ಪಾರ್ಟಿ. 2002ರಲ್ಲಿ ಫ್ಲಾಯ್ಡಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗ ಹೋಗಿ ನೋಡಿದೋರು, ಅದನ್ನ ವಾರಕ್ಕೊಂದು ಸಲ ಹೇಳದೇ ಇದ್ರೆ ಊಟ ಸೇರಲ್ಲ. ಅವರ ವಾದ ಏನಂದ್ರೆ, ಟಲ್ ಕಥೆ ಯಾವತ್ತೋ ಮುಗೀತು, ಬಾಳಿಕೆ ಬಂದಿದ್ದು ಫ್ಲಾಯ್ಡ್ ಮಾತ್ರ. 1973ರ ಡಾರ್ಕ್ ಸೈಡ್ ಆಫ್ ದ ಮೂನ್ ಆಲ್ಬಮ್ 1988ರ ಹೊತ್ತಿಗೆ ಅಮೆರಿಕದ ಟಾಪ್ ಆಲ್ಬಮ್ ಚಾರ್ಟಲ್ಲಿ 741 ವಾರ ಕೂತಿತ್ತು, ಅದರ ಕವರಿನ ತ್ರಿಕೋನದ ಚಿತ್ರ ಇವತ್ತಿಗೂ ಹುಡುಗ್ರ ಟೀಶರ್ಟ್ ಮೇಲಿದೆ, ಟಲ್ ಟೀಶರ್ಟ್ ಹಾಕಿರೋ ಒಬ್ಬನ್ನ ತೋರ್ಸು ಗುರುವೇ ಅಂತಾರೆ. ಸಾರಥಿಗಳು ಬಿಡ್ತಾರಾ, "ಆ ಟೀಶರ್ಟ್ ಹಾಕಿರೋ ಹುಡುಗನ್ನ ನಿಲ್ಸಿ ಒಂದು ಹಾಡು ಹೇಳು ಅನ್ನು ನೋಡೋಣ. ನಮ್ಮೋನು ಒಂದೇ ಒಂದು ಹಾಡಿಟ್ಕೊಂಡು 1972ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ, ಗೊತ್ತಾ? 47ರಲ್ಲಿ ಹುಟ್ಟಿದೋನು, ಈಗ್ಲೂ ಆಲ್ಬಮ್ ಮಾಡ್ತಿದಾನೆ. 22ರಲ್ಲಿ ಒಂದು, 23ರಲ್ಲಿ ಒಂದು, 25ರಲ್ಲಿ ಇನ್ನೊಂದು. ನಿಮ್ಮೋರು ಕೋರ್ಟಲ್ಲಿ ಕಿತ್ತಾಡಿದ್ದು ಬಿಟ್ರೆ ಏನ್ ಮಾಡಿದ್ರು?" ಆಮೇಲೆ ಗಂಟಲಿನ ವಿಷಯ. ಎಂಬತ್ತರ ದಶಕದ ನಡುವಿಂದ ಆಂಡರ್ಸನ್ ಧ್ವನಿ ಮೊದಲಿನ ಹಾಗಿಲ್ಲ, ಅದು ಸಾರಥಿಗಳಿಗೂ ಗೊತ್ತು, ಅದನ್ನೆತ್ತಿದ್ರೆ ಮಾತ್ರ ಸ್ವಲ್ಪ ಹೊತ್ತು ಸುಮ್ನಾಗಿ ಸುಮ್‌ಸುಮ್ನೆ ಹಾರ್ನ್ ಹೊಡೀತಾರೆ.

ಗ್ರ್ಯಾಮಿ ಕಥೆ ಬಂದ್ರೆ ಸಿಲ್ಕ್ ಬೋರ್ಡ್ ಬಂತು ಅಂತಲೇ ಅರ್ಥ, ಅಲ್ಲೇ ಅದು ಶುರುವಾಗೋದು. 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಅಂತ ಮೊದಲ ಸಲ ಗ್ರ್ಯಾಮಿ ಇಟ್ರು, ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡಿಗೇ ಬರೋದು ಅಂತ ಲೋಕಕ್ಕೆಲ್ಲ ಗ್ಯಾರಂಟಿ, ಆದ್ರೆ ಕೂಗಿದ್ದು ಜೆಥ್ರೋ ಟಲ್ ಹೆಸರು. ಬರಲ್ಲ ಅಂತ ಗೊತ್ತಿದ್ರಿಂದ ಟಲ್‌ನೋರು ಫಂಕ್ಷನ್ನಿಗೇ ಹೋಗಿರ್ಲಿಲ್ಲ. ಅಲ್ಲಿದ್ದ ಜನ ಬೂ ಅಂದ್ರು. ಆಮೇಲೆ ಟಲ್‌ನೋರ ರೆಕಾರ್ಡ್ ಕಂಪನಿ, ಕೊಳಲೂ ಹೆವಿ ಮೆಟಲ್ ವಾದ್ಯನೇ ಅಂತ ಜಾಹೀರಾತು ಕೊಟ್ಟು ಉರಿಯೋದಕ್ಕೆ ಇನ್ನಷ್ಟು ಎಣ್ಣೆ ಹಾಕ್ತು. 1992ರಲ್ಲಿ ಮೆಟಾಲಿಕಾ ಗೆದ್ದಾಗ, ಈ ವರ್ಷ ಆಲ್ಬಮ್ ತರದೇ ಇದ್ದಿದ್ದಕ್ಕೆ ಜೆಥ್ರೋ ಟಲ್‌ಗೆ ಥ್ಯಾಂಕ್ಸ್ ಅಂದ್ರು. ಈ ಕಥೇನ ಮುಂದಿನ ಸೀಟು ಅವಮಾನ ಅಂತ ಹೇಳುತ್ತೆ, ಸಾರಥಿಗಳು ದಿಗ್ವಿಜಯ ಅಂತ ಹೇಳ್ತಾರೆ, ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಗುತ್ತೆ.

ನಾನೂ ಒಂದು ಸಲ ಬಾಯಿ ಹಾಕಿದೆ. ಜೆಥ್ರೋ ಟಲ್ ಅನ್ನೋದು ಬ್ಯಾಂಡಲ್ಲಿ ಯಾರ ಹೆಸರೂ ಅಲ್ಲ. ಹದಿನೆಂಟನೇ ಶತಮಾನದ ಇಂಗ್ಲಿಷ್ ಕೃಷಿಕನ ಹೆಸರು, 1701ರಲ್ಲಿ ಬಿತ್ತನೆ ಯಂತ್ರ ಮಾಡಿದೋನು, ಅದರ ಐಡಿಯಾ ಅವನಿಗೆ ಬಂದಿದ್ದು ಆರ್ಗನ್ ವಾದ್ಯದ ಒಳಗಿನ ಭಾಗಗಳಿಂದ. ಸಾರಥಿಗಳು ಇದನ್ನ "ಸಾಲಲ್ಲಿ ಬಿತ್ತೋದನ್ನ ಪ್ರಪಂಚಕ್ಕೆ ಕಲಿಸಿದೋನು ರೀ" ಅಂತ ಎದೆ ಉಬ್ಬಿಸಿ ಹೇಳಿದ್ರು. ನಾನು ಹಾವೇರಿ ಕಡೆಯೋನು, ಕೂರಿಗೆ ನೋಡ್ಕೊಂಡೇ ಬೆಳೆದೋನು. ಮೇಲೊಂದು ಬಟ್ಟಲು, ಅದರಿಂದ ಕೆಳಕ್ಕೆ ಬಿದಿರಿನ ಕೊಳವೆ, ಬಟ್ಟಲಿಗೆ ಒಂದೊಂದೇ ಹಿಡಿ ಜೋಳ ಬಿಡ್ತಾ ಹೋದ್ರೆ ಸಾಲು ಹಿಡಿದು ಬೀಳುತ್ತೆ. ಇಂಗ್ಲೆಂಡಿನೋನು ಹುಟ್ಟೋಕೆ ಎಷ್ಟೋ ಮುಂಚಿನಿಂದ ನಮ್ಮ ಹೊಲದಲ್ಲಿ ಓಡಾಡ್ತಿರೋ ಸಾಮಾನು. ಹಾಗಾದ್ರೆ ಈ ಬ್ಯಾಂಡಿಗೆ ನಮ್ಮಜ್ಜನ ಹೆಸರೂ ಇಡಬಹುದಿತ್ತು ಸಾರ್, ಬಸಪ್ಪ ಅಂತ, ಅಂದೆ. ಹುಡುಗಿ ಇಯರ್‌ಬಡ್ಸ್ ತೆಗೆದು ನಕ್ಕಳು, ಅಂದ್ರೆ ಇಷ್ಟು ದಿನ ಎಲ್ಲಾ ಕೇಳಿಸ್ಕೊಳ್ತಾನೇ ಇದ್ಲು! ಅವಳು ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು, "ಸರ್, ಇದ್ರಲ್ಲಿ ರೀಲ್ಸಿಗೆ ಹಾಕೋ ಪಾರ್ಟ್ ಯಾವ್ದು?" ಸಾರಥಿಗಳಿಗೆ ಆ ಪೆಟ್ಟಿಂದ ಚೇತರಿಸ್ಕೊಳ್ಳೋಕೆ ಹೊಸ ರೋಡ್ ಜಂಕ್ಷನ್ ದಾಟಬೇಕಾಯ್ತು.

ಇದಕ್ಕೆಲ್ಲ ಮೇಲೊಂದು ವಿಷಯ ಇದೆ, ಅದನ್ನ ಹೇಳಿದ್ರೆ ಇಬ್ರಿಗೂ ಸಿಟ್ಟು ಬರುತ್ತೆ. ಈ ಹಾಡು ಮಾಡಿದ್ದೇ ತಮಾಷೆಗೆ. 1971ರ ಆಕ್ವಾಲಂಗ್ ಆಲ್ಬಮ್ಮನ್ನ ವಿಮರ್ಶಕರೆಲ್ಲ ಎಲ್ಲಾ ಹಾಡೂ ಒಂದೇ ವಿಷಯ ಹಿಡಿದು ಹೋಗೋ ಮಹಾ ಗಹನವಾದ ಕಾನ್ಸೆಪ್ಟ್ ಆಲ್ಬಮ್ ಅಂದ್ರು, ಅಲ್ಲ ಕಣ್ರಪ್ಪಾ ಅಂತ ಆಂಡರ್ಸನ್ ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ಹಾಗಾದ್ರೆ ತಗೊಳ್ಳಿ ಅಂತ ಗೇಲಿಗೆ ಇದನ್ನ ಬರೆದ. ಎಂಟು ವರ್ಷದ ಹುಡುಗ ಬರೆದ ಪದ್ಯ ಅಂತ ಸುಳ್ಳು ಕಥೆ ಕಟ್ಟಿ, ಕವರ್ರನ್ನ ಹನ್ನೆರಡು ಪುಟದ ಊರ ಪತ್ರಿಕೆ ಥರ ಅಚ್ಚು ಹಾಕ್ಸಿದ್ರು, ಆ ಹುಡುಗ ನಿಜವಾಗ್ಲೂ ಇದಾನೆ ಅಂತ ನಂಬಿದ ಜನನೂ ಇದ್ರು. ಅಂದ್ರೆ ಹಾಡನ್ನ ತುಂಬಾ ಸೀರಿಯಸ್ಸಾಗಿ ತಗೊಳೋರನ್ನ ಕಿಚಾಯಿಸೋಕೆ ಬರೆದ ಹಾಡನ್ನ, ಐವತ್ತು ವರ್ಷದ ಮೇಲೆ ಹೊಸೂರು ರಸ್ತೇಲಿ ಇಬ್ಬರು ಗಂಡಸರು ಇಷ್ಟು ಸೀರಿಯಸ್ಸಾಗಿ ತಗೊಂಡಿದಾರೆ. ಹೀಗಂದೆ. ಕಾರಲ್ಲಿ ಏಸಿ ಸದ್ದು ಮಾತ್ರ. ಆಮೇಲೆ ಮುಂದಿನ ಸೀಟು ಮೆಲ್ಲಗೆ, "ತಮಾಷೆ ಐವತ್ತು ವರ್ಷ ಬಾಳಿದ್ರೆ ಅದು ತಮಾಷೆ ಅಲ್ಲ" ಅಂದ್ರು. ಇಬ್ಬರೂ ಒಂದಾಗಿದ್ದು ಅದೇ ಮೊದಲು, ಅದೂ ನನ್ನ ವಿರುದ್ಧ.

ಇವತ್ತು ಬೆಳಿಗ್ಗೆ ಶಾಲೆಗಳಿಗೆ ರಜ, ರಸ್ತೆ ಖಾಲಿ. ಸಾರಥಿಗಳು ಮ್ಯಾಪ್ ಆಫ್ ಮಾಡಿದ್ರು, ಫೋನ್ ಸೈಲೆಂಟ್, ಮನೆಯವ್ರಿಗೆ ಮೊದಲೇ ಗೀಸರ್ ಆಫ್ ಅಂತ ಮೆಸೇಜ್ ಹಾಕಿದ್ರು. ಟೋಲ್ ಗೇಟು ಕಣ್ಣು ಹೊಡೆದ ಹಾಗೆ ತೆರ್ಕೊಳ್ತು. ಫ್ಲೈಓವರ್ ಇಳಿಯೋ ಹೊತ್ತಿಗೆ ನಾನು ಯಾವತ್ತೂ ಕೇಳಿರದ ಜಾಗಕ್ಕೆ ಹಾಡು ಬಂದಿತ್ತು, ನಿಜ ಹೇಳ್ತೀನಿ ಮೈ ಜುಂ ಅಂತು, ಹುಡುಗಿನೂ ಕಿವಿ ಖಾಲಿ ಮಾಡ್ಕೊಂಡು ಕೂತಿದ್ಲು. ಮುಂದಿನ ಸೀಟಿನೋರ ಕಾಲು ತಾಳ ಹಾಕ್ತಿತ್ತು, ನಾನು ನೋಡಿದ್ದು ನೋಡಿ ನಿಲ್ಲಿಸಿದ್ರು. ಆಫೀಸ್ ಬಂತು, ಇನ್ನೂ ಸ್ವಲ್ಪ ಬಾಕಿ ಇದೆ, ಆಚೆ ಪಾರ್ಕಿಂಗ್ ಇಲ್ಲ, ಕಾರು ಬೇಸ್‌ಮೆಂಟಿಗೆ ಇಳೀತು, ನೆಟ್‌ವರ್ಕ್ ಹೋಯ್ತು.

ಒಂದು ಚಕ್ರ ಗರಗರ ತಿರುಗ್ತಾ ಇತ್ತು ಸ್ಕ್ರೀನ್ ಮೇಲೆ. ಸಾರಥಿಗಳು ಅದನ್ನೇ ನೋಡಿದ್ರು. "ಯಾರೂ ಇಳೀಬೇಡಿ" ಅಂದ್ರು. ನೆಟ್‌ವರ್ಕ್ ಇರೋ ಜಾಗಕ್ಕೆ ವಾಪಸ್ ಹೋಗ್ಬೇಕು ಅಂತ ಆ ಇಳಿಜಾರಲ್ಲೇ ರಿವರ್ಸ್ ಹಾಕಿದ್ರು. ಮೇಲೆ ಬಂದ ಹಾಗೆ ನೆಟ್‌ವರ್ಕ್ ಬಂತು, ಸ್ಕ್ರೀನ್ ಮೇಲೆ ಹಾಡೂ ಓಡ್ತಿದೆ, ಆದ್ರೆ ರಿವರ್ಸಲ್ಲಿ ಇದೀವಲ್ಲ, ಮ್ಯೂಟು. ಟೀಂ ಟೀಂ ಟೀಂ. ಕೇಳಿಸ್ಬೇಕು ಅಂದ್ರೆ ಮುಂದಿನ ಗೇರ್ ಹಾಕ್ಬೇಕು, ಮುಂದೆ ಹೋದ್ರೆ ಬೇಸ್‌ಮೆಂಟು, ಬೇಸ್‌ಮೆಂಟಲ್ಲಿ ನೆಟ್‌ವರ್ಕ್ ಇಲ್ಲ. ಅರ್ಧ ಇಳಿಜಾರಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿದ್ರು, ಕೊಳಲು ಎರಡೇ ಎರಡು ಸ್ವರ ಬಂತು, ಹಿಂದೆ ಆರೇಳು ಕಾರು ಒಟ್ಟಿಗೆ ಹಾರ್ನ್ ಹೊಡೆದ್ವು. ಸೆಕ್ಯುರಿಟಿ ಸೀಟಿ ಊದ್ತಾ ಓಡಿ ಬಂದು ಗ್ಲಾಸ್ ಬಡಿದು, "ಸಾರ್, ಕಾರ್ ಕೆಟ್ಟೋಯ್ತಾ?" ಅಂದ. ಪಾಜ್ ಒತ್ತಿದ್ರು. ಗ್ಲಾಸ್ ಇಳಿಸಿ ಅವನಿಗೆ ಹಾಡು ಎಷ್ಟು ಬಾಕಿ ಇದೆ ಅಂತ ವಿವರಿಸೋಕೆ ಹೋದ್ರು. ಆಮೇಲೆ, ನನ್ನ ಕಣ್ಣಾರೆ ನೋಡಿದೆ, ಮೊದಲಿಂದ ಹಾಕಿದ್ರು.

ಲಿಫ್ಟಲ್ಲಿ ಯಾರೂ ಮಾತಾಡ್ಲಿಲ್ಲ. ಕಾಫಿ ಮಷೀನ್ ಹತ್ರ ಮಾತ್ರ ಸಾರಥಿಗಳು ನನ್ನ ಪಕ್ಕ ನಿಂತು ಒಂದು ಮಾತು ಹೇಳಿದ್ರು. ಎಲ್ಪಿ ಅಂದ್ರೆ ಹಳೇ ಕಾಲದ ಗ್ರಾಮಫೋನ್ ತಟ್ಟೆ, ಅದರ ಒಂದು ಬದಿಗೆ ಅಷ್ಟು ಉದ್ದ ಹಿಡಿಯಲ್ಲ, ಹಾಗಾಗಿ ಹಾಡನ್ನ ನಡುವೆ ಕತ್ತರಿಸಿ ಎರಡು ಬದಿಗೆ ಹಂಚಿದ್ರು. ಆದ್ರೆ ಇವರು ಮೊದಲು ಕೇಳಿದ್ದು ಎಲ್ಪಿಯಲ್ಲಲ್ಲ, ದಾವಣಗೆರೆ ಇಂಜಿನಿಯರಿಂಗ್ ಹಾಸ್ಟೆಲ್ಲಲ್ಲಿ, ರೂಮ್‌ಮೇಟು ಯಾರ ಹತ್ರಾನೋ ಕಾಡಿ ರೆಕಾರ್ಡ್ ಮಾಡಿಸ್ಕೊಂಡು ಬಂದ ತೊಂಬತ್ತು ನಿಮಿಷದ ಕ್ಯಾಸೆಟ್ಟಲ್ಲಿ. ಒಂದು ಬದಿ 45 ನಿಮಿಷ, ಪೂರ್ತಿ ಹಾಡು ಹಿಡೀತಿತ್ತು, ತಿರುಗಿಸೋ ಹಾಗೇ ಇಲ್ಲ. ಲೈಟ್ ಆರಿಸಿ ಐದಾರು ಜನ ನೆಲದ ಮೇಲೆ ಮಲ್ಕೊಂಡು ಕೇಳ್ತಿದ್ರಂತೆ, ಎದ್ದು ಹೋಗೋಕೆ ಯಾರಿಗೂ ಬೇರೆ ಜಾಗ ಇರ್ಲಿಲ್ಲ. ಟಲ್ ಬೆಂಗಳೂರಿಗೇ ಬಂದು ನುಡಿಸಿದಾಗ ಇವರು ಆನ್‌ಸೈಟ್ ಅಂತ ಅಮೆರಿಕದಲ್ಲಿದ್ರು, ರೂಮ್‌ಮೇಟ್ ಹೋಗಿ ನೋಡಿದ. ಈಗ ಅವನ ಜೊತೆ ಹುಟ್ಟುಹಬ್ಬದ ಮೆಸೇಜ್ ಬಿಟ್ರೆ ಮಾತಿಲ್ಲ, ಜಗಳ ಏನಿಲ್ಲ ಸುಮ್ನೆ ಹಾಗೇ, ಅಂದು ಕಾಫಿ ಕಪ್ ತಗೊಂಡು ಹೋದ್ರು. ಬೈಬೇಕು ಅಂತ ಸಿದ್ಧ ಮಾಡ್ಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳೀತು, ಅದೂ ಒಂದು ಸಿಟ್ಟು ಈಗ.

ಸಂಜೆ ಕರುಣೆ ಇಳಿದುಹೋಗುತ್ತೆ, ಗೊತ್ತು. ಯಾಕಂದ್ರೆ ಈಗ ತಾನೇ ಗ್ರೂಪಲ್ಲಿ ಮುಂದಿನ ಸೀಟಿನ ಮೆಸೇಜ್ ಬಂತು, ಸೋಮವಾರದಿಂದ ತಮಗೂ ಡೆಕ್ ಮೇಲೆ ಹಕ್ಕು ಬೇಕಂತೆ, ಪೆನ್‌ಡ್ರೈವ್ ತರ್ತಾರಂತೆ, ನೆಟ್‌ವರ್ಕಿನ ಗೊಡವೆನೇ ಬೇಡ. ಫ್ಲಾಯ್ಡ್ ಇರಬೇಕು, ಪರವಾಗಿಲ್ಲ ಅಂದ್ಕೊಂಡ್ರೆ ಯೆಸ್ ಅನ್ನೋ ಇನ್ನೊಂದು ಬ್ಯಾಂಡಂತೆ. 1973ರ ಆಲ್ಬಮ್ಮು, ಎರಡು ಎಲ್ಪಿ, ಎಂಬತ್ತು ನಿಮಿಷ, ನಾಕೇ ಹಾಡು, ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ಹೊಳೆದಿದ್ದಂತೆ. ಅಡಿಟಿಪ್ಪಣಿಗೇ ಇಷ್ಟಾದ್ರೆ ಪುಸ್ತಕ ಪೂರ್ತಿ ಓದಿದ್ರೆ ಏನ್ ಗತಿ. ಅದನ್ನ ಸ್ಟೇಜಲ್ಲಿ ನುಡಿಸ್ತಾ ನುಡಿಸ್ತಾ ಬೇಜಾರಾಗಿ ಅವರ ಕೀಬೋರ್ಡಿನೋನು ರಿಕ್ ವೇಕ್‌ಮನ್, ಮ್ಯಾಂಚೆಸ್ಟರಲ್ಲಿ ಕಾರ್ಯಕ್ರಮ ನಡೀತಿರೋವಾಗಲೇ ಇಂಡಿಯನ್ ಕರಿ ಊಟ ತರಿಸ್ಕೊಂಡು ಕೂತು ತಿಂದನಂತೆ. ಈ ಕಾರಲ್ಲಿ ತಿಂಡಿ ತಿನ್ನೋ ಹಾಗಿಲ್ಲ ಅಂತ ಒಂದು ರೂಲ್ ಇದೆ. ಸೋಮವಾರ ಡಬ್ಬಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಮಂಡಕ್ಕಿ ಬೇಕು ಅಂತ ಮನೇಲಿ ಹೇಳಿಟ್ಟಿದೀನಿ.