ಬಚ್ಚಲೊಲೆಯ ಬುದ್ಧಿ ಲ್ಯಾಪ್‌ಟಾಪಿಗೂ ಬೇಕು

ಸಾಗರದ ಕಡೆಯ ನಮ್ಮ ಮನೆಯಲ್ಲಿ ಚಾಲಿ ಅಡಿಕೆ ಸುಲಿಯಲು ಕುಳಿತರೆಂದರೆ ಜಗಲಿಯಲ್ಲಿರುವ ವಸ್ತುಗಳ ಮೇಲೆಲ್ಲ ಸಿಪ್ಪೆಯ ದೂಳು. ಆರು ವರ್ಷದ ನನ್ನ ಲ್ಯಾಪ್‌ಟಾಪ್ ಅಲ್ಲೇ ಇರುತ್ತದೆ. ಕಳೆದ ವಾರ ಊರಿನ ಯಕ್ಷಗಾನದ ವೀಡಿಯೊವನ್ನು ಚಿಕ್ಕದು ಮಾಡಲು ಹಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಯಂತ್ರ ಆರಿತ್ತು. ಮರುದಿನವೂ ಅದೇ ಕಥೆ. ಪೇಟೆಯ ರಿಪೇರಿ ಅಂಗಡಿಯವರು ಮುಚ್ಚಳವನ್ನೂ ಬಿಚ್ಚದೆ ಮದರ್‌ಬೋರ್ಡ್ ಹೋಗಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ.

ನನ್ನ ಲ್ಯಾಪ್‌ಟಾಪನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಎಲ್ಲವನ್ನೂ ಲಾಗ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಲಾಗ್‌ನಲ್ಲಿ ಸ್ಪಷ್ಟವಾಗಿತ್ತು: ಶಾಖ ಅಪಾಯದ ಗೆರೆ ಮುಟ್ಟಿದ್ದರಿಂದ ಲಿನಕ್ಸಿನ ತಿರುಳಾದ ಕರ್ನೆಲ್ ತಾನೇ ಯಂತ್ರವನ್ನು ಆರಿಸಿತ್ತು. ಅದಕ್ಕೂ ಕೆಳಗೆ ಇನ್ನೊಂದು ಗೆರೆ ಇರುತ್ತದೆ. ಅಲ್ಲಿಗೆ ಬಂದಾಗ ಕರ್ನೆಲ್ ಪ್ರೊಸೆಸರಿನ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಆದರೆ ಅದು ಕೈಹಾಕುವುದು ಬಿಸಿ ಏರಿದ ಮೇಲೆ. ಗಾಳಿಯ ದಾರಿಯೇ ಕಟ್ಟಿಹೋದ ಯಂತ್ರಕ್ಕೆ ಅಷ್ಟು ಸಾಲಲಿಲ್ಲ.

ಬಚ್ಚಲಿನ ಹಂಡೆಯ ನೀರು ಕುದಿದು ಉಕ್ಕುವವರೆಗೆ ನಮ್ಮಲ್ಲಿ ಯಾರೂ ಕಾಯುವುದಿಲ್ಲ, ಮೊದಲೇ ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಾರೆ. ನಾನು ಮಾಡಿದ್ದೂ ಅದನ್ನೇ. ಗರಿಷ್ಠ ವೇಗದ ಮಿತಿಯನ್ನು ಹಿಡಿದಿಡುವ ಕಡತದಲ್ಲಿ ೨೪೦೦೦೦೦ ಎಂದು ಬರೆದೆ. ಅಲ್ಲಿನ ಲೆಕ್ಕ ಕಿಲೋಹರ್ಟ್ಸ್‌ನಲ್ಲಿ, ಅಂದರೆ 2.4 ಗಿಗಾಹರ್ಟ್ಸ್. ಯಂತ್ರವನ್ನು ಮತ್ತೆ ಶುರುಮಾಡಿದರೆ ಇದು ಅಳಿಸಿಹೋಗುತ್ತದೆ, ಹಾಗಾಗಿ ಕೈತಪ್ಪಿದರೂ ಭಯವಿಲ್ಲ.

ಇಷ್ಟಕ್ಕೇ ಇಷ್ಟು ತಂಪೇ ಎಂದರೆ, ಗುಟ್ಟು ವೋಲ್ಟೇಜಿನಲ್ಲಿದೆ. ವೇಗ ಏರಬೇಕಾದರೆ ವೋಲ್ಟೇಜೂ ಏರಬೇಕು, ಮತ್ತು ಕೆಲಸಕ್ಕೆ ಖರ್ಚಾಗುವ ವಿದ್ಯುತ್ತು ವೇಗದ ಜೊತೆಗೆ ವೋಲ್ಟೇಜಿನ ವರ್ಗದಷ್ಟೂ ಹೆಚ್ಚುತ್ತದೆ. ವೇಗವನ್ನು ಶೇ. 20, ಅದರೊಂದಿಗೆ ವೋಲ್ಟೇಜನ್ನು ಶೇ. 10 ಇಳಿಸಿದರೆ ಆ ಖರ್ಚು ಸುಮಾರು ಶೇ. 35 ತಗ್ಗುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಆ ತುದಿಯ ವೇಗಕ್ಕೆ ನಾವು ತೆರುವ ಬೆಲೆ ನನಗಂತೂ ದುಂದೇ ಅನ್ನಿಸುತ್ತದೆ.

ಪ್ರೊಸೆಸರಿನ ವೇಗ ಎಷ್ಟಿರಬೇಕೆಂದು ತೀರ್ಮಾನಿಸುವ ‘ಗವರ್ನರ್’ ಅನ್ನು ‘ಪವರ್‌ಸೇವ್’ ಎಂಬ ಬಗೆಗೆ ಬದಲಿಸಿ ಎಂದು ಸಲಹೆ ಕೊಡುವವರು ಬಹಳ. ಆ ಹೆಸರಿಗೆ ಎರಡು ಗುಣ. ಪ್ರೊಸೆಸರಿನ ವೇಗವನ್ನು ನಡೆಸುವ ಸಾಮಾನ್ಯ ಚಾಲಕ ತಂತ್ರಾಂಶದಲ್ಲಿ (ಡ್ರೈವರ್) ಅದು ಪ್ರೊಸೆಸರನ್ನು ಕನಿಷ್ಠ ವೇಗಕ್ಕೇ ಕಟ್ಟಿಹಾಕುತ್ತದೆ. ಇಂಟೆಲ್‌ನ ಪಿ-ಸ್ಟೇಟ್ ಚಾಲಕದಲ್ಲಿ ಕೆಲಸ ನೋಡಿ ವೇಗ ಏರಿಸಿ ಇಳಿಸುತ್ತದೆ. ನನ್ನದು ಎರಡನೆಯದು, ಅದೂ ಮೊದಲಿನಿಂದ ಪವರ್‌ಸೇವ್‌ನಲ್ಲೇ ಇತ್ತು!

ಆ ರಾತ್ರಿ ವೀಡಿಯೊ ಮುಗಿಯಿತು, ಮುಕ್ಕಾಲು ಗಂಟೆ ತಡವಾಗಿ. ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಫ್ಯಾನಿನ ಬಾಯಿಗೆ ಅಡಿಕೆ ನಾರು ಕಂಬಳಿಯಂತೆ ಹೆಣೆದುಕೊಂಡಿತ್ತು. ಮದರ್‌ಬೋರ್ಡ್ ಹಳೆಯದೇ ಇದೆ. ಸುಲಿತ ಇನ್ನೂ ಹದಿನೈದು ದಿನ ಇರುವುದರಿಂದ ಲ್ಯಾಪ್‌ಟಾಪನ್ನು ಒಳಕೋಣೆಗೆ ಸಾಗಿಸಿದ್ದೇನೆ, ಮಿತಿಯನ್ನು ಮಾತ್ರ ತೆಗೆದಿಲ್ಲ.